ಉದ್ಯೋಗಕ್ಕಲ್ಲ, ಅರಿವಿಗಾಗಿ
ನಲ್ವತ್ತು ದಾಟಿದ ಮೇಲೆ ಆಕ್ಚುವರಿ ಪರೀಕ್ಷೆಗೆ ಓದುತ್ತಿದ್ದೇನೆಂದಾಗ ಮನೆಯವರು ನಕ್ಕರು. ವಿಮೆ, ಪಿಂಚಣಿ ನಿಧಿಗಳಿಗಾಗಿ ಆಯುಷ್ಯ ಮತ್ತು ಅಪಾಯದ ಸಂಭವವನ್ನು ಲೆಕ್ಕ ಹಾಕುವ ಶಾಸ್ತ್ರವಿದು. ನನಗೆ ಆ ಉದ್ಯೋಗ ಬೇಕಿಲ್ಲ. ಚಕ್ರಬಡ್ಡಿಯ ಅಧ್ಯಾಯ ಬಂದಾಗ ಮನಸ್ಸು ಅಳುಕಿದ್ದೂ ನಿಜ. ಆದರೆ ಸಾಲ ಹೇಗೆ ಬೆಳೆಯುತ್ತದೆಂದು ಬಲ್ಲವರೇ ನೆರೆಮನೆಯ ಸಹೋದರಿಗೆ ಲೆಕ್ಕ ತೋರಿಸಿ ಎಚ್ಚರಿಸಬಲ್ಲರು.

9ನೇ ಶತಮಾನದಲ್ಲಿ ಅಲ್ ಖ್ವಾರಿಝ್ಮಿ ತಮ್ಮ ಬೀಜಗಣಿತ ಗ್ರಂಥದ ದೊಡ್ಡ ಭಾಗವನ್ನು ವಸಿಯ್ಯತ್ ಮತ್ತು ವಾರೀಸು ಹಕ್ಕಿನ ಲೆಕ್ಕಕ್ಕೇ ಮೀಸಲಿಟ್ಟರು. 1693ರಲ್ಲಿ ಬ್ರೆಸ್ಲಾವ್ ನಗರದ ಜನನ, ಮರಣಗಳ ದಾಖಲೆಯಿಂದ ಆಯುಷ್ಯದ ಕೋಷ್ಟಕ ರಚಿಸಿದ ಎಡ್ಮಂಡ್ ಹ್ಯಾಲಿ ಖಗೋಳ ವಿಜ್ಞಾನಿಯಾಗಿದ್ದರು. ಅರಿವಿಗೆ ಉದ್ಯೋಗದ ಬೇಲಿಯಿಲ್ಲ.

ಸಹೋದರಿಯರೇ, ಇಶಾ ನಮಾಝಿನ ಬಳಿಕ ಅರ್ಧ ಗಂಟೆ ನಿಮಗೂ ಸಿಕ್ಕೀತು. ಈ ಕೋಷ್ಟಕ ಸಾವಿರದಲ್ಲಿ ಎಷ್ಟು ಮಂದಿ ಸಾಯಬಹುದೆಂದು ಹೇಳುತ್ತದೆ, ಯಾರೆಂದು ಹೇಳುವುದಿಲ್ಲ. ಅದನ್ನು ಅಲ್ಲಾಹನೇ ಬಲ್ಲನು.