ಹಳೆಯ ಗೋಡೆಯನ್ನು ಓದುವ ವಿದ್ಯೆ

ಕೆಲವು ವರ್ಷಗಳ ಹಿಂದೆ ನಾವು ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹತ್ತಿರದ ಹಳ್ಳಿಯೊಂದಕ್ಕೆ ಶ್ರಮದಾನಕ್ಕೆಂದು ಹೋಗಿದ್ದೆವು. ಆ ಊರಿನ ಚಾವಡಿ ಬಹಳ ಹಳೆಯದು. ಮಣ್ಣಿನ ಗೋಡೆ, ಅದರ ಮೇಲೆ ಸುಣ್ಣದ ಗಾರೆ, ಮಾಡಿಗೆ ನಾಡಹೆಂಚು. ಗಾರೆ ಅಲ್ಲಲ್ಲಿ ಉದುರಿತ್ತು. ನಾವು ಚಂದಾ ಎತ್ತಿ ಸಿಮೆಂಟು ತರಿಸಿ, ಮೂರು ಗೋಡೆಗಳಿಗೆ ನುಣ್ಣಗೆ ಬಳಿಸಿ, ಊರವರು ಕೊಟ್ಟ ಪಾನಕ ಕುಡಿದು ಹೆಮ್ಮೆಯಿಂದ ಹಿಂತಿರುಗಿದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಸಿಮೆಂಟು ಹಪ್ಪಳದಂತೆ ಎದ್ದು, ಒಳಗಿನ ಮಣ್ಣನ್ನೂ ಕಿತ್ತುಕೊಂಡು ಬಿದ್ದಿತು. ನಾವು ಮುಟ್ಟದೆ ಬಿಟ್ಟ ನಾಲ್ಕನೆಯ ಗೋಡೆ ಮಾತ್ರ ಹಾಗೆಯೇ ನಿಂತಿತ್ತು!

ಕಾರಣ ತಿಳಿದದ್ದು ಆಮೇಲೆ. ನೆಲದ ತೇವ ಮಣ್ಣಿನ ಗೋಡೆಗೆ ಏರುತ್ತದೆ. ಸುಣ್ಣದ ಗಾರೆಯಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಆ ತೇವ ಆವಿಯಾಗಿ ಹೊರಗೆ ಹೋಗುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ನೀರು ಒಳಗೇ ನಿಂತು ಮಣ್ಣು ಮೆತ್ತಗಾಗುತ್ತದೆ. ನೀರಿನಲ್ಲಿದ್ದ ಲವಣ ಹರಳುಗಟ್ಟಿ ಮೇಲಿನ ಪದರವನ್ನು ದೂಡುತ್ತದೆ. ಹಿಂದಿನವರು ಸುಣ್ಣವನ್ನು ನೆನೆಹಾಕಿ, ಮರಳು ಸೇರಿಸಿ, ಎತ್ತು ಕಟ್ಟಿದ ಗಾರೆಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ನೀರು ಬೆರೆಸುತ್ತಿದ್ದರು. ಅದನ್ನು ಹಳ್ಳಿಯ ಮೌಢ್ಯವೆಂದು ನಕ್ಕವರಲ್ಲಿ ನಾವೂ ಒಬ್ಬರು.

ಇಂಥ ಸಂಗತಿಗಳನ್ನೇ ಕ್ರಮವಾಗಿ ಕಲಿಸುವ ಸ್ನಾತಕೋತ್ತರ ವ್ಯಾಸಂಗವೊಂದಿದೆ. ಅದಕ್ಕೆ ವಾಸ್ತುಸಂರಕ್ಷಣೆ ಎಂದು ಹೆಸರು. ಅದರ ವಿದ್ಯಾರ್ಥಿ ಮೊದಲು ಕಟ್ಟಡವನ್ನು ಅಂಗುಲ ಅಂಗುಲವಾಗಿ ಅಳೆದು ನಕ್ಷೆ ಬರೆಯುತ್ತಾನೆ. ಗಾರೆಯ ಚೂರೊಂದನ್ನು ದುರ್ಬಲ ಆಮ್ಲದಲ್ಲಿ ಹಾಕಿದರೆ ಸುಣ್ಣ ಕರಗಿ ಮರಳು ಉಳಿಯುತ್ತದೆ. ಅದನ್ನು ತೂಗಿದರೆ ಹಿಂದಿನ ಮೇಸ್ತ್ರಿ ಬೆರೆಸಿದ ಪ್ರಮಾಣ ಸಿಕ್ಕುತ್ತದೆ. ನೀವು ಕಲಿಯುವ ರಸಾಯನಶಾಸ್ತ್ರವೇ ಇದು. ಎಷ್ಟು ಕಡಿಮೆ ಮುಟ್ಟಿ ಎಷ್ಟನ್ನು ಉಳಿಸಬಹುದು ಎಂಬ ವಿವೇಕವೇ ಅಲ್ಲಿಯ ಮುಖ್ಯ ಪಾಠ.

ರಕ್ಷಿಸಬೇಕಾದದ್ದು ಗೋಡೆ ಮಾತ್ರವಲ್ಲ, ಸುತ್ತಲಿನ ನೆಲವೂ ಹೌದು. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಆನೆಗೊಂದಿಯ ಕಡೆಗೆ ತುಂಗಭದ್ರೆಗೆ ಕಟ್ಟತೊಡಗಿದ ಸೇತುವೆಯಿಂದ ಅಲ್ಲಿಯ ನದಿ, ಬಂಡೆ, ದೇಗುಲಗಳ ಒಟ್ಟು ನೋಟವೇ ಕೆಡುವುದೆಂಬ ಆತಂಕ ಹುಟ್ಟಿ, 1999ರಲ್ಲಿ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿದರು. 2006ರಲ್ಲಿ ಪಟ್ಟಿಯಿಂದ ತೆಗೆದರು. ಆ ಸೇತುವೆ 2009ರಲ್ಲಿ ಕುಸಿದು ಬಿತ್ತು. ಅಷ್ಟು ದೂರ ಏಕೆ? ನಮ್ಮ ಗುಮಟಾಪುರದಲ್ಲಿ ದೀಪಾವಳಿಯಾದ ಮೇಲೆ ನಡೆಯುವ ಗೊರೆಹಬ್ಬವನ್ನು ನೋಡಿ. ದನ, ಸೆಗಣಿ, ಬೀರೇಶ್ವರನ ಗುಡಿ, ಗುಡಿಯ ಸುತ್ತಲಿನ ಬಯಲು ಇಷ್ಟೂ ಸೇರಿ ಆ ಹಬ್ಬ. ಗುಡಿಯನ್ನು ಉಳಿಸಿ ಬಯಲಿನಲ್ಲಿ ಮಳಿಗೆ ಕಟ್ಟಿದರೆ ಹಬ್ಬ ಎಲ್ಲಿ ನಡೆದೀತು?

ಈ ವ್ಯಾಸಂಗದ ದಾರಿಯನ್ನು ಪೋಷಕರು ಕೇಳುವುದು ಸಹಜ. ಹನ್ನೆರಡನೆಯ ತರಗತಿಯಲ್ಲಿ ಗಣಿತ ಓದಿರಬೇಕು. ಅನಂತರ ನಾಟಾ ಎಂಬ ಪ್ರವೇಶ ಪರೀಕ್ಷೆ, ಐದು ವರ್ಷದ ವಾಸ್ತುಶಿಲ್ಪ ಪದವಿ, ಆ ಮೇಲೆ ಎರಡು ವರ್ಷ ಸಂರಕ್ಷಣೆಯ ಓದು. ದೆಹಲಿ, ಭೋಪಾಲ್ ಮತ್ತು ವಿಜಯವಾಡದ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಗಳಲ್ಲಿಯೂ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾನಿಲಯದಲ್ಲಿಯೂ ಇದನ್ನು ಕಲಿಸುತ್ತಾರೆ. ದಾರಿ ದೀರ್ಘ, ಖರ್ಚೂ ಉಂಟು. ಅದನ್ನು ಮುಚ್ಚಿಡುವುದು ಸರಿಯಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವರಿಗೆ ಗ್ರೇಟರ್ ನೋಯಿಡಾದ ಪುರಾತತ್ತ್ವ ಸಂಸ್ಥೆಯಲ್ಲಿ ಎರಡು ವರ್ಷದ ಡಿಪ್ಲೊಮಾ ಇದೆ. ಪುರಾತತ್ತ್ವ ಇಲಾಖೆಯೂ 1984ರಲ್ಲಿ ಸ್ಥಾಪನೆಯಾದ ಇಂಟ್ಯಾಕ್ ಸಂಸ್ಥೆಯೂ ಇಂಥವರಿಗೆ ಕೆಲಸದ ನೆಲೆಗಳು.

ಇನ್ನೊಂದು ಮಾತು. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದ್ರಾಸಿನಲ್ಲಿಯೇ ಉಳಿಯಿತು. ಅಂದಿನಿಂದ ನಮ್ಮ ಮಕ್ಕಳಿಗೆ ಮನೆಯಲ್ಲೊಂದು ನುಡಿ, ಕಚೇರಿಯಲ್ಲೊಂದು ನುಡಿ. ಎರಡು ಲಿಪಿ ಕಲಿಯುವುದು ಹೊರೆಯೆಂದು ಗೊಣಗುವ ತಂದೆತಾಯಿಗಳನ್ನು ನಾವು ದಿನವೂ ಕಾಣುತ್ತೇವೆ. ಆದರೆ ಈ ಗಡಿಯ ಹಳೆಯ ಕಟ್ಟಡವೊಂದರ ಕಥೆ ಹುಡುಕಹೊರಟವನಿಗೆ ಕನ್ನಡದ ಕಾಗದವೂ ಬೇಕು, ತಮಿಳಿನ ಕಾಗದವೂ ಬೇಕು. ಎರಡನ್ನೂ ಓದಬಲ್ಲವರು ದೆಹಲಿಯಲ್ಲಿ ಸುಲಭವಾಗಿ ಸಿಕ್ಕುವುದಿಲ್ಲ. ತಾಳವಾಡಿಯಲ್ಲಿ ಬೆಂಚಿಗೆ ಮೂವರು ಸಿಕ್ಕುತ್ತಾರೆ.

ಬರುವ ತಿಂಗಳು ಆ ಚಾವಡಿಗೆ ನಾವು ಮತ್ತೆ ಹೋಗಲಿದ್ದೇವೆ. ಉಳಿದಿರುವ ನಾಲ್ಕನೆಯ ಗೋಡೆಯನ್ನು ಅಳೆದು ನಕ್ಷೆ ಬರೆಯುವುದು, ಗಾರೆ ಅರೆದು ಬಲ್ಲ ಹಿರಿಯರ ಮಾತನ್ನು ಬರೆದುಕೊಳ್ಳುವುದು, ಇಷ್ಟೇ ಕೆಲಸ. ಬರಲಿಚ್ಛಿಸುವವರು ಹೆಸರು ಕೊಡಿ. ಟೇಪು ನಾವು ತರುತ್ತೇವೆ. ಪೆನ್ಸಿಲು, ಬುತ್ತಿ ನೀವು ತನ್ನಿ.