ಕ್ಯಾಲಿಪರಿನ ರಬ್ಬರ್ ಬೂಟು ಮತ್ತು ಹಗರಿ ಸೀಮೆಯ ಧೂಳು

ಅನಂತಪುರ ಜಿಲ್ಲೆಯ ಪಶ್ಚಿಮದಲ್ಲಿ ಬೆಳುಗುಪ್ಪ, ರಾಯದುರ್ಗ, ಕಣೇಕಲ್ಲು, ಬೊಮ್ಮನಹಾಳಗಳನ್ನು ಒಳಗೊಂಡ, ಕನ್ನಡವೂ ತೆಲುಗೂ ಕೂಡಿ ಬದುಕುವ ಸೀಮೆಯು ದೇಶದ ಅತಿ ಒಣ ಪ್ರದೇಶಗಳಲ್ಲಿ ಒಂದಾಗಿದ್ದು, ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರಿನಷ್ಟು ಮಾತ್ರ. ಹಗರಿ ಎಂದು ಜನ ಕರೆಯುವ ವೇದಾವತಿಯು ವರ್ಷದ ಬಹುಕಾಲ ಬತ್ತಿಯೇ ಇರುವುದರಿಂದ, ನೈಋತ್ಯದ ಗಾಳಿ ಬೀಸತೊಡಗಿದರೆ ಅದರ ಪಾತ್ರದ ಮರಳೆದ್ದು ಹೊಲಗಳ ಮೇಲೆ ಸುರಿಯುತ್ತದೆ. ಕಣೇಕಲ್ಲು, ಬೊಮ್ಮನಹಾಳ ಭಾಗದಲ್ಲಿ ಹೀಗೆ ಮರಳು ದಿಬ್ಬಗಳೇ ಬೆಳೆದಿವೆ. ಈ ಮರಳು ಶೇಂಗಾ ಹೊಲಕ್ಕೆ ಮಾಡಿದ ಹಾನಿ ಎಲ್ಲರ ಕಣ್ಣಿಗೆ ಬಿದ್ದಿದೆಯಾದರೂ, ಅದೇ ದಾರಿಯಲ್ಲಿ ದಿನವೂ ಓಡಾಡುವ ಬೈಕು, ಕಾರು, ಜೀಪುಗಳ ಬ್ರೇಕಿನೊಳಗೆ ಅದು ಸೇರದಂತೆ ತಡೆಯುತ್ತಿರುವ ಸಣ್ಣ ರಬ್ಬರ್ ಭಾಗಗಳ ಕಡೆಗೆ ಗಮನ ಹರಿದದ್ದು ಕಡಿಮೆ.

ಚಕ್ರದೊಂದಿಗೆ ತಿರುಗುವ ಲೋಹದ ತಟ್ಟೆಯನ್ನು ಎರಡೂ ಬದಿಯಿಂದ ಪ್ಯಾಡುಗಳು ಅದುಮಿ ನಿಲ್ಲಿಸುವ ವ್ಯವಸ್ಥೆಯೇ ಡಿಸ್ಕ್ ಬ್ರೇಕ್. ತಟ್ಟೆಯ ಅಂಚನ್ನು ಬಳಸಿ ಕುಳಿತು, ಪ್ಯಾಡುಗಳನ್ನು ಹಿಡಿದಿಟ್ಟುಕೊಂಡು ಒತ್ತುವ ಭಾಗಕ್ಕೆ ಕ್ಯಾಲಿಪರ್ ಎಂದು ಹೆಸರು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಇಂಥ ಬ್ರೇಕಿಗೆ ಪೇಟೆಂಟ್ ಪಡೆದಿದ್ದರೂ, 1953ರಲ್ಲಿ ಫ್ರಾನ್ಸಿನ ಲ ಮಾನ್ ಓಟವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದ ಮೇಲೆಯೇ ಅದಕ್ಕೆ ದೊಡ್ಡ ಹೆಸರು ಬಂದಿತು. ಭಾರತದಲ್ಲಿ 125 ಸಿಸಿ ಮೀರಿದ ಹೊಸ ದ್ವಿಚಕ್ರ ವಾಹನಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್, ಅಂದರೆ ಬ್ರೇಕ್ ಹಾಕಿದಾಗ ಚಕ್ರ ತಿರುಗದೆ ಜಾರುವುದನ್ನು ತಪ್ಪಿಸುವ ಏರ್ಪಾಡು, ಕಡ್ಡಾಯವಾದ ಬಳಿಕ ಮುಂಚಕ್ರದ ಡಿಸ್ಕು ಹಳ್ಳಿಯ ಬೈಕುಗಳಲ್ಲೂ ಸಾಮಾನ್ಯವಾಯಿತು. ಡ್ರಮ್ ಬ್ರೇಕಿನ ಕೆಲಸ ಮುಚ್ಚಿದ ಕವಚದೊಳಗೆ ನಡೆಯುತ್ತದೆ. ಡಿಸ್ಕ್ ಬ್ರೇಕು ತೆರೆದೇ ಇರುವುದರಿಂದ ಬೇಗ ತಣ್ಣಗಾಗುತ್ತದೆ, ಆದರೆ ದಾರಿಯ ಧೂಳಿಗೂ ನೇರವಾಗಿ ಒಡ್ಡಿಕೊಳ್ಳುತ್ತದೆ.

ಈ ಧೂಳನ್ನು ತಡೆಯಲು ಕ್ಯಾಲಿಪರಿನಲ್ಲಿ ಇರುವ ರಬ್ಬರ್ ಮುಸುಕುಗಳಾದ ಬೂಟುಗಳು ಎರಡು ಬಗೆಯವು. ಮೊದಲನೆಯದು, ಪ್ಯಾಡನ್ನು ತಳ್ಳುವ ಪಿಸ್ಟನ್ನಿನ ಹೊರತುದಿಯ ಸುತ್ತ ಕೂರುವ, ಹಾರ್ಮೋನಿಯಂ ತಿದಿಯಂತೆ ಮಡಿಕೆಗಳಿರುವ ಧೂಳುಬೂಟು. ಎರಡನೆಯದು, ಕಾರು ಬೈಕುಗಳಲ್ಲಿ ಹೆಚ್ಚಾಗಿ ಕಾಣುವ ಸರಿದಾಡುವ ಮಾದರಿಯ ಕ್ಯಾಲಿಪರಿಗೆ ಆಧಾರವಾದ ಎರಡು ಪಿನ್ನುಗಳನ್ನು ಮುಚ್ಚಿ, ಅವುಗಳಿಗೆ ಹಚ್ಚಿದ ಗ್ರೀಸನ್ನು ಒಳಗೇ ಉಳಿಸುವ ಚಿಕ್ಕ ಬೂಟು. ಈ ಮಾದರಿಯಲ್ಲಿ ಪಿಸ್ಟನ್ ಒಂದೇ ಬದಿಯಲ್ಲಿದ್ದು, ಅದು ಒಳಗಿನ ಪ್ಯಾಡನ್ನು ತಟ್ಟೆಗೆ ಒತ್ತಿದಾಗ ಇಡೀ ಕ್ಯಾಲಿಪರ್ ಪಿನ್ನುಗಳ ಮೇಲೆ ಹಿಂದಕ್ಕೆ ಸರಿದು ಹೊರಗಿನ ಪ್ಯಾಡನ್ನೂ ಎಳೆದು ತರುತ್ತದೆ. ಪಿನ್ನು ಒಣಗಿ ಬಿಗಿದರೆ ಈ ಸರಿದಾಟ ನಿಂತು, ಭಾರವೆಲ್ಲ ಒಳಗಿನ ಪ್ಯಾಡಿನ ಮೇಲೆ ಬೀಳುತ್ತದೆ.

ಬ್ರೇಕ್ ಪೆಡಲ್ ಬಿಟ್ಟಾಗ ಪಿಸ್ಟನ್ನನ್ನು ಹಿಂದಕ್ಕೆಳೆಯುವುದು ಯಾವುದೋ ಸ್ಪ್ರಿಂಗ್ ಎಂದು ಹಲವರು ತಿಳಿದಿರುತ್ತಾರೆ. ವಾಸ್ತವದಲ್ಲಿ ಆ ಕೆಲಸ ಮಾಡುವುದು ಸಿಲಿಂಡರಿನ ಒಳಗಾಲುವೆಯಲ್ಲಿ ಕೂರುವ ಚೌಕಾಕಾರದ ಅಡ್ಡಕೊಯ್ತದ ರಬ್ಬರ್ ಸೀಲು. ಪಿಸ್ಟನ್ ಮುಂದೆ ಸರಿಯುವಾಗ ಈ ಸೀಲು ತುಸು ತಿರುಚಿಕೊಂಡು, ಒತ್ತಡ ಇಳಿದೊಡನೆ ತನ್ನ ಮೊದಲಿನ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದೆ ಸೆಳೆಯುತ್ತದೆ. ದ್ರವ ಸೋರದಂತೆ ತಡೆಯುವುದೂ ಇದೇ ಸೀಲು, ಬೂಟಲ್ಲ. ಹೀಗಾಗಿ ಬೂಟು ಹರಿದ ದಿನವೇ ಬ್ರೇಕ್ ಕೆಡುವುದಿಲ್ಲ, ಮಾಲೀಕನಿಗೆ ಅದು ತಿಳಿಯುವುದೂ ಇಲ್ಲ. ಪ್ಯಾಡು ಸವೆಯುತ್ತಾ ಹೋದಂತೆ ಪಿಸ್ಟನ್ ಇನ್ನಷ್ಟು ಹೊರಗೆ ನಿಂತು, ಹರಿದ ಬೂಟಿನ ಸಂದಿನಲ್ಲಿ ಅದರ ಮೈಗೆ ಧೂಳು ಮೆತ್ತಿಕೊಳ್ಳುತ್ತದೆ, ಮೊದಲ ಮಳೆಯ ನೀರು ಸೇರಿದಾಗ ಆ ಧೂಳು ಕೆಸರಾಗಿ ಗಟ್ಟಿಗೊಳ್ಳುತ್ತದೆ, ಉಕ್ಕಿನ ಪಿಸ್ಟನ್ನಾದರೆ ತುಕ್ಕೂ ಹಿಡಿಯುತ್ತದೆ. ಕೊನೆಗೆ ಹೊಸ ಪ್ಯಾಡು ಕೂರಿಸಲು ಪಿಸ್ಟನ್ನನ್ನು ಒಳಗೆ ತಳ್ಳಿದಾಗ ಆ ಮರಳೆಲ್ಲ ಸೀಲಿನ ಅಂಚನ್ನು ಉಜ್ಜುತ್ತಾ ಒಳಸೇರುತ್ತದೆ. ಹೊಸ ಪ್ಯಾಡು ಹಾಕಿಸಿದ ಕೆಲವೇ ದಿನಗಳಲ್ಲಿ ಕ್ಯಾಲಿಪರ್ ಸೋರತೊಡಗಿತೆಂಬ ದೂರಿನ ಹಿಂದೆ ಪ್ಯಾಡಿನ ತಪ್ಪಿಗಿಂತ ಹಳೆಯ ಬೂಟಿನ ತೂತು ಇರುವ ಸಂಭವವೇ ಹೆಚ್ಚು.

ಚಳಿದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪು ಕ್ಯಾಲಿಪರನ್ನು ಕೆಡಿಸಿದರೆ, ಒಣಸೀಮೆಯಲ್ಲಿ ಆ ಕೆಲಸವನ್ನು ಧೂಳು ಮಾಡುತ್ತದೆ. ಆದರೆ ಬೂಟು ಕೆಡುವುದಕ್ಕೆ ಧೂಳೊಂದನ್ನೇ ದೂರುವುದು ನ್ಯಾಯವಲ್ಲ, ರಿಪೇರಿಯ ಹಳೆಯ ರೂಢಿಯೂ ಅದರಲ್ಲಿ ಪಾಲುದಾರ. ಬೈಕಿನ ಡ್ರಮ್ ಬ್ರೇಕು ತಂತಿ ಅಥವಾ ಸರಳಿನಿಂದ ನಡೆಯುತ್ತಿದ್ದು ಅದರಲ್ಲಿ ದ್ರವವಾಗಲಿ ಅದನ್ನು ತಡೆಯುವ ಸೀಲಾಗಲಿ ಇಲ್ಲದ್ದರಿಂದ, ಭಾಗಗಳನ್ನು ಪೆಟ್ರೋಲ್, ಸೀಮೆಎಣ್ಣೆಗಳಲ್ಲಿ ತೊಳೆದು ಕೈಗೆ ಸಿಕ್ಕ ಗ್ರೀಸನ್ನು ಹಚ್ಚುವ ಅಭ್ಯಾಸ ಬೆಳೆದು, ಅದು ಡಿಸ್ಕಿಗೂ ಮುಂದುವರಿದಿದೆ. ಬ್ರೇಕ್ ಆಯಿಲ್ ಎಂದು ಅಂಗಡಿಯಲ್ಲಿ ಕೇಳಿ ತರುವ ದ್ರವವು ಸಾಮಾನ್ಯವಾಗಿ ಗ್ಲೈಕಾಲ್ ಜಾತಿಯದು, ಪೆಟ್ರೋಲಿಯಂ ಎಣ್ಣೆಯಲ್ಲ. ಅದಕ್ಕೆ ಹೊಂದುವಂತೆ ಸೀಲು, ಬೂಟುಗಳನ್ನು ಇಪಿಡಿಎಂ ಎಂಬ ಕೃತಕ ರಬ್ಬರಿನಿಂದ ಮಾಡುವುದೇ ಹೆಚ್ಚು. ಬಿಸಿಲು, ಬಿಸಿ, ಬ್ರೇಕ್ ದ್ರವಗಳನ್ನು ಚೆನ್ನಾಗಿ ತಾಳುವ ಈ ರಬ್ಬರು ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಇಂಜಿನ್ ಆಯಿಲ್, ಮಾಮೂಲು ಗ್ರೀಸುಗಳ ಸೋಂಕಿಗೆ ಊದಿ ಮೆತ್ತಗಾಗುತ್ತದೆ. ಊದಿದ ಬೂಟು ತಾನು ಕೂರುವ ತೋಡಿನಿಂದ ಮೇಲೆದ್ದು ಬರುತ್ತದೆ. ಊದಿದ ಸೀಲು ಪಿಸ್ಟನ್ನನ್ನು ಹಿಂದೆ ಬರಗೊಡುವುದಿಲ್ಲ. ಚೊಕ್ಕಟ ಮಾಡಲೆಂದು ಪಡುವ ಶ್ರಮವೇ ಇಲ್ಲಿ ಕೇಡಾಗುವುದು ವಿಪರ್ಯಾಸ. ಪಿನ್ನುಗಳಿಗೆ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸನ್ನು, ಅದೂ ತೆಳುವಾಗಿ, ಹಚ್ಚಬೇಕು. ಮೆತ್ತಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಪಿನ್ನು ಪೂರ್ತಿ ಇಳಿಯುವುದಿಲ್ಲ.

ತೊಂದರೆಯ ಕುರುಹುಗಳು ಗುರುತಿಸಲು ಕಷ್ಟದವಲ್ಲ. ಒಂದು ಚಕ್ರ ಉಳಿದವಕ್ಕಿಂತ ಹೆಚ್ಚು ಕಾಯುವುದು, ಮೈಲೇಜ್ ಇಳಿಯುವುದು, ಎತ್ತಿ ತಿರುಗಿಸಿದ ಚಕ್ರ ಬಿಗಿಯಾಗಿರುವುದು ಬ್ರೇಕು ಹಿಡಿದುಕೊಂಡಿದೆ ಎಂಬುದರ ಸೂಚನೆ. ಬ್ರೇಕ್ ಒತ್ತದೆಯೇ ಕಾರು ಒಂದು ಕಡೆಗೆ ಎಳೆದರೆ ಆ ಕಡೆಯ ಕ್ಯಾಲಿಪರ್ ಹಿಡಿದುಕೊಂಡಿರಬಹುದು. ಒತ್ತಿದಾಗ ಮಾತ್ರ ಎಳೆದರೆ ಎದುರು ಬದಿಯದು ಜಾಮ್ ಆಗಿ ಕೆಲಸ ಮಾಡದಿರಬಹುದು. ಬಿಚ್ಚಿದ ಪ್ಯಾಡುಗಳಲ್ಲಿ ಒಂದು ತೆಳುವಾಗಿ ಇನ್ನೊಂದು ದಪ್ಪವಾಗಿಯೇ ಉಳಿದಿದ್ದರೆ, ಅಥವಾ ಒಂದೇ ಪ್ಯಾಡು ಓರೆಯಾಗಿ ಸವೆದಿದ್ದರೆ, ಪಿನ್ನು ಪಿಸ್ಟನ್ನುಗಳನ್ನು ಪರೀಕ್ಷಿಸದೆ ಹೊಸ ಪ್ಯಾಡು ಹಾಕುವುದು ಹಣ ಹಾಳು.

ಪಿನ್ನಿನ ಬೂಟು ಬದಲಿಸುವಾಗ ಬ್ರೇಕ್ ದ್ರವದ ತಂಟೆಗೆ ಹೋಗಬೇಕಿಲ್ಲ. ಕ್ಯಾಲಿಪರಿನ ಬೋಲ್ಟು ಬಿಚ್ಚಿ, ಅದನ್ನು ಹೋಸಿನ ಮೇಲೆ ಜೋತಾಡಲು ಬಿಡದೆ ತಂತಿಯಿಂದ ಕಟ್ಟಿ, ಪಿನ್ನುಗಳನ್ನೆಳೆದು ಒರೆಸಿ, ಗೀರು ಬಿದ್ದಿದ್ದರೆ ಬದಲಿಸಿ, ಹೊಸ ಬೂಟಿನ ಎರಡೂ ತುಟಿಗಳು ತಮ್ಮ ತೋಡಿನಲ್ಲಿ ಕೂತಿವೆಯೇ ಎಂದು ನೋಡಿ ಜೋಡಿಸಿದರೆ ಮುಗಿಯಿತು. ಕೆಲವು ಗಾಡಿಗಳಲ್ಲಿ ಒಂದು ಪಿನ್ನಿನ ತುದಿಗೆ ರಬ್ಬರ್ ಬುಷ್ ಇರುವುದರಿಂದ ಎರಡನ್ನೂ ಅದಲುಬದಲು ಮಾಡಬಾರದು. ಪಿಸ್ಟನ್ನಿನ ಬೂಟು ಹಾಗಲ್ಲ: ಬಹುತೇಕ ಗಾಡಿಗಳಲ್ಲಿ ಪಿಸ್ಟನ್ನನ್ನೇ ಹೊರತೆಗೆಯಬೇಕಾಗುತ್ತದೆ, ಆಗ ದ್ರವ ಚೆಲ್ಲುತ್ತದೆ, ಸೀಲನ್ನೂ ಜೊತೆಗೇ ಬದಲಿಸಬೇಕು, ಕಡೆಗೆ ದ್ರವದೊಳಗೆ ಸಿಕ್ಕ ಗಾಳಿಯನ್ನು ತೆಗೆಯಬೇಕು. ಕಂಪ್ರೆಸರಿನ ಗಾಳಿಯಿಂದ ಪಿಸ್ಟನ್ನನ್ನು ಹೊರದಬ್ಬುವಾಗ ಅದು ಬೆರಳು ಜಜ್ಜುವಷ್ಟು ರಭಸದಿಂದ ಸಿಡಿಯಬಹುದಾದ್ದರಿಂದ ಎದುರಿಗೆ ಮರದ ತುಂಡು ಇರಲೇಬೇಕು, ಕೈ ಇರಕೂಡದು. ಪಿಸ್ಟನ್ನನ್ನೂ ಸಿಲಿಂಡರನ್ನೂ ಬ್ರೇಕ್ ಕ್ಲೀನರಿನಿಂದ ತೊಳೆದು ಒಣಗಿಸಿ, ಹೊಸ ಸೀಲಿಗೆ ಹೊಸ ಬ್ರೇಕ್ ದ್ರವವನ್ನೇ ಸವರಿ ಕೂರಿಸುವುದು ಸರಿಯಾದ ಕ್ರಮ. ಪಿಸ್ಟನ್ನಿನಲ್ಲಿ ಕುಳಿ ಬಿದ್ದಿದ್ದರೆ ಬೂಟಿನಿಂದ ಪ್ರಯೋಜನವಿಲ್ಲ. ದ್ರವವು ಗಾಳಿಯ ತೇವವನ್ನು ಹೀರುವ ಗುಣದ್ದು: ಹೊಸತಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯಬೇಕಾದ ಡಾಟ್ 4 ದರ್ಜೆಯ ದ್ರವದ ಕನಿಷ್ಠ ಕುದಿಬಿಂದು ತೇವ ಸೇರಿದಾಗ 155 ಡಿಗ್ರಿಗೆ ಇಳಿಯುತ್ತದೆ. ಹೀಗಾಗಿ ಎಂದೋ ಮುಚ್ಚಳ ತೆರೆದಿಟ್ಟ ಡಬ್ಬಿಯದನ್ನು ಸುರಿಯಬಾರದು.

ಬೂಟು, ಸೀಲು ಕೂಡಿದ ರಿಪೇರಿ ಕಿಟ್ಟಿನ ಬೆಲೆ ಇಡೀ ಕ್ಯಾಲಿಪರಿನ ಬೆಲೆಯ ಸಣ್ಣದೊಂದು ಪಾಲು ಮಾತ್ರ. ಆದ್ದರಿಂದ ಬೆಳುಗುಪ್ಪದ ಕಡೆಯ ವಾಹನ ಮಾಲೀಕರು ಪ್ಯಾಡು ಬದಲಿಸಲು ಗಾಡಿ ಬಿಟ್ಟಾಗಲೆಲ್ಲ ಪಿನ್ನುಗಳನ್ನು ಎಳೆದು ತೋರಿಸುವಂತೆ ಮೆಕ್ಯಾನಿಕ್‌ಗೆ ಹೇಳಬೇಕು, ಬೂಟಿನ ಮಡಿಕೆಗಳಲ್ಲಿ ಬಿರುಕು ಕಂಡರೆ ಪಿಸ್ಟನ್ನನ್ನು ಒಳಗೆ ತಳ್ಳಲು ಬಿಡದೆ ಮೊದಲು ಕಿಟ್ಟು ತರಿಸಬೇಕು, ಸೀಮೆಎಣ್ಣೆಯ ಡಬ್ಬಿಯನ್ನು ಬ್ರೇಕಿನ ಹತ್ತಿರ ಸುಳಿಯಗೊಡಬಾರದು.