ಅಕ್ಕಿಗಾಗಿ ಬಂದ ಹಡಗುಗಳು: ಬಸ್ರೂರಿನಲ್ಲಿ ಒಂದು ಬೆಳಗು

ಕುಂದಾಪುರದ ಬಸ್ರೂರು ಮೂರುಕೈಯಲ್ಲಿ ಹೆದ್ದಾರಿ ಬಿಟ್ಟು, ಕೋಣಿ ದಾಟಿ ಮುಂದೆ ಹೋದರೆ ಕಾಲು ಗಂಟೆಯೊಳಗೆ ಬಸ್ರೂರು. ಬಸ್ಸಿಳಿದಾಗ ಕಂಡದ್ದು ನಾಲ್ಕಾರು ಅಂಗಡಿ, ಶಾಲೆಗೆ ಹೊರಟ ಮಕ್ಕಳು. ಇಲ್ಲಿಂದ ಕಡಲು ಕಾಣುವುದಿಲ್ಲ. ಆದರೂ ಕಡಲ ಯುದ್ಧ ಈ ಊರನ್ನು ಹುಡುಕಿಕೊಂಡು ಬಂದಿತ್ತು.

ಮೊದಲು ಮಹಾಲಿಂಗೇಶ್ವರ ದೇವಸ್ಥಾನಕ್ಕೆ ಹೋದೆ. ಶಾಸನದ ಕಲ್ಲಿನ ಮೇಲೆ ಬೆರಳಾಡಿಸಿದರೆ ಸವೆದ ಅಕ್ಷರ ತಾಗುತ್ತದೆ. ಬಸ್ರೂರಿನ ವಿಜಯನಗರ ಕಾಲದ ಶಾಸನಗಳಲ್ಲಿ ಪಡುವಕೇರಿ, ಮೂಡುಕೇರಿಗಳ ಹಲರು ಮತ್ತು ಸೆಟ್ಟಿಕಾರರೆಂಬ ವರ್ತಕ ಕೂಟಗಳು ಬರುತ್ತವೆ. ಊರಿನ ವ್ಯವಹಾರದಲ್ಲಿ ಈ ವರ್ತಕರ ಮಾತಿಗೆ ತೂಕವಿತ್ತು. ಆ ಕಾಲವನ್ನು ನೆನಪಿಸುವ ಮಂಡಿಬಾಗಿಲು ಎಂಬ ಹೆಸರು ಇನ್ನೂ ಬಳಕೆಯಲ್ಲಿದೆ.

ಮಂಡಿಯ ದೊಡ್ಡ ಸರಕು ಅಕ್ಕಿ. ಅದು ವಾರಾಹಿ ಹೊಳೆಯಲ್ಲಿ ದೋಣಿಯೇರಿ, ಗಂಗೊಳ್ಳಿ ಅಳಿವೆ ದಾಟಿ ಮಲಬಾರಿಗೆ, ಗೋವೆಗೆ, ದೂರದ ಹೊರ್ಮುಜ್‌ಗೂ ಹೋಗುತ್ತಿತ್ತು. ಗೋವೆಯ ಪೋರ್ಚುಗೀಸರ ಅನ್ನಕ್ಕೂ ಈ ಅಕ್ಕಿ ಬೇಕಿತ್ತು. ಅವರ ಬಾಯಲ್ಲಿ ಬಸ್ರೂರು 'ಬಾರ್ಸೆಲೋರ್' ಆಯಿತು. 1569ರಲ್ಲಿ ವೈಸ್‌ರಾಯ್ ಲೂಯಿಸ್ ದೆ ಅತಾಯ್ದೆಯ ಪಡೆ ಇಲ್ಲಿ ಹಿಡಿತ ಸಾಧಿಸಿತು. ಪೇಟೆಗಿಂತ ಕೆಳಗೆ, ಕಡಲ ಕಡೆಗೆ ಅವರ ಕೋಟೆ ಎದ್ದಿತು. ಹೊಳೆಯ ಬಾಯಿ ಕಟ್ಟಿದವನಿಗೆ ಪೇಟೆ ಬಗ್ಗಲೇಬೇಕಲ್ಲ! 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕ ಅವರನ್ನು ಹೊರಹಾಕಿದ.

ನೆಮ್ಮದಿ ಬಹಳ ದಿನ ಉಳಿಯಲಿಲ್ಲ. 1665ರ ಫೆಬ್ರುವರಿಯಲ್ಲಿ ಶಿವಾಜಿ ಮಾಲ್ವಣದಿಂದ ಮೂರು ದೊಡ್ಡ ಹಡಗು, 85 ಚಿಕ್ಕ ಹಡಗುಗಳೊಂದಿಗೆ ಹೊರಟ. ಬಸ್ರೂರಿನ ಪೇಟೆಯನ್ನು ಸೂರೆಮಾಡಿ, ಗೋಕರ್ಣದತ್ತ ಹಡಗು ತಿರುಗಿಸಿದ.

ಬಿಸಿಲೇರುವ ಹೊತ್ತಿಗೆ ತುಳುವೇಶ್ವರಕ್ಕೆ ಬಂದೆ. ಗುಡಿಯ ಗೋಡೆಗಳನ್ನು ಆಲದ ಬೇರುಗಳು ಅಪ್ಪಿ ಹಿಡಿದಿವೆ. ಕಲ್ಲು ಯಾವುದು, ಬೇರು ಯಾವುದು ಎಂದು ತಿಳಿಯಲು ಹತ್ತಿರ ಹೋಗಿ ನೋಡಬೇಕು. ನಡುವೆ ಲಿಂಗ. ಎಲೆ ಉದುರುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಕೊನೆಗೆ ಹೊಳೆಬದಿ. ದಾರಿ ತೋರಿಸಿದ ಹಿರಿಯರೊಬ್ಬರು ನೀರಿನತ್ತ ಕೈಮಾಡಿ, "ಹಡಗ್ ಬತ್ತಿದ್ ಜಾಗ ಇದೇ ಅಂಬ್ರ್" ಎಂದರು. ಅಲ್ಲಿ ಈಗ ಧಕ್ಕೆಯಿಲ್ಲ, ತೆಂಗಿನ ನೆರಳಿದೆ.

ಊರಿನ ಮೇಲೆ ಏರಿಬಂದವರ ಹೆಸರು, ಇಸವಿ ನಮಗೆ ಬಾಯಿಪಾಠ. ಯಾರ ಅಕ್ಕಿಗಾಗಿ, ಯಾರ ಹೊನ್ನಿಗಾಗಿ ಅವರು ಬಂದರೋ ಆ ಕೇರಿಗಳ ಹೆಸರು ಮಾತ್ರ ಕಲ್ಲಿನಲ್ಲೇ ಉಳಿದಿದೆ. ಆ ಕಲ್ಲುಗಳ ಪಕ್ಕ ಇಂದಿನ ಕನ್ನಡದಲ್ಲಿ ಒಂದೊಂದು ಫಲಕ ನಿಲ್ಲಬೇಕು. ಬೆಳಿಗ್ಗೆ ನಾನು ಕಂಡ ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲೇ ತಮ್ಮ ಊರನ್ನು ಓದಿಕೊಳ್ಳಲಿ.